ಅಮ್ಮನಿಗೆ ಹೇಳಿದ ‘ಚೆನ್ನಾಗಿದ್ದೀನಿ’

ಎಂ.ಎಸ್. ಓದಲು ಜರ್ಮನಿಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಹುರುಳಿಕಾಳು, ಚಟ್ನಿಪುಡಿ, ಉಪ್ಪಿನಕಾಯಿ ಇದ್ದವು. ಜೊತೆಗೆ ಅರಕಲಗೂಡಿನ ಮೆಡಿಕಲ್ ಸ್ಟೋರಿನಿಂದ ತಂದ ಒಂದು ಕವರ್ ಮಾತ್ರೆ. ಜ್ವರಕ್ಕೊಂದು, ಕೆಮ್ಮಿಗೊಂದು, ‘ಇನ್‌ಫೆಕ್ಷನ್’ಗೊಂದು. ಡಾಕ್ಟರ ಚೀಟಿ ಮಾತ್ರ ಇರಲಿಲ್ಲ.

ಅಮ್ಮನ ಭಯವೇ ಬೇರೆ. ಮೆಡಿಕಲ್ ಓದಲು ಉಕ್ರೇನಿಗೆ ಹೋಗಿದ್ದ ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದರು. ಆಹಾರ ತರಲೆಂದು ಬಂಕರ್‌ನಿಂದ ಹೊರಗೆ ಹೋಗಿದ್ದರಂತೆ. ಟಿ.ವಿ.ಯಲ್ಲಿ ನೋಡಿದ ಆ ಸುದ್ದಿ ಅಮ್ಮನ ಮನಸ್ಸಿನಿಂದ ಹೋಗಿರಲೇ ಇಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದು ಒಂದೇ ಮಾತು: ‘ದಿನಾ ಫೋನ್ ಮಾಡು ಮಗ.’

ದಿನಾ ಮಾಡಿದೆ. ಸುಳ್ಳನ್ನೂ ಅದರಲ್ಲೇ ಹೇಳಿದೆ.

ಡಿಸೆಂಬರಿನಲ್ಲಿ ಡ್ರೆಸ್ಡೆನ್‌ಗೆ ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ಕೆಮ್ಮು ಶುರುವಾಯಿತು. ಕವರಿನಲ್ಲಿದ್ದ ಆಂಟಿಬಯಾಟಿಕ್ ಎರಡು ದಿನ ನುಂಗಿದೆ, ಹಗುರವಾಯಿತು ಅಂತ ಬಿಟ್ಟೆ. ವಾರದಲ್ಲಿ ಜ್ವರ ಮತ್ತೆ ಏರಿತು. ಡಾಕ್ಟರ ಹತ್ತಿರ ಹೋಗಲು ಜರ್ಮನ್ ಸರಿಯಾಗಿ ಬಾರದು, ಬಿಲ್ ಎಷ್ಟಾಗುತ್ತದೋ ಗೊತ್ತಿಲ್ಲ. ಊರಲ್ಲಿ ಅಪ್ಪ ಶುಂಠಿ ಮಾರಿ ನನ್ನ ಸಾಲದ ಕಂತು ಕಟ್ಟುತ್ತಿದ್ದರು. ವಿಡಿಯೊ ಕಾಲ್‌ನಲ್ಲಿ ಮುಖ ಕಾಣದಂತೆ ಲೈಟ್ ಆರಿಸಿ, ‘ಚೆನ್ನಾಗಿದ್ದೀನಮ್ಮ’ ಅನ್ನುತ್ತಿದ್ದೆ.

ಒಂದು ಭಾನುವಾರ ರಾತ್ರಿ ಉಸಿರಾಡಲೂ ಕಷ್ಟವಾಯಿತು. ಪಕ್ಕದ ಕೋಣೆಯ ನೈಜೀರಿಯಾದ ಗೆಳೆಯ ಬಂದು ನೋಡಿ ಗಾಬರಿಯಾದ. ‘ನಿನಗೆ ಏನಾದರೂ ಆದರೆ ನಾನು ಯಾರಿಗೆ ಫೋನ್ ಮಾಡಲಿ?’ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಮನೆಯ ಒಂದು ನಂಬರ್ ಕೂಡ ಅವನಲ್ಲಿರಲಿಲ್ಲ. ಅವನೇ 112ಕ್ಕೆ ಕರೆ ಮಾಡಿದ.

ನ್ಯುಮೋನಿಯಾ. ಐದು ದಿನ ಆಸ್ಪತ್ರೆ. ಅಲ್ಲಿ ನನ್ನ ಪಾಲಿಗೆ ಬಂದ ಖರ್ಚು ದಿನಕ್ಕೆ 10 ಯೂರೊ, ಉಳಿದದ್ದು ವಿಮೆಯದು. ಆರೋಗ್ಯ ವಿಮೆ ಇಲ್ಲದೆ ಜರ್ಮನಿಯಲ್ಲಿ ವಿಶ್ವವಿದ್ಯಾಲಯ ಸೇರುವಂತೆಯೇ ಇಲ್ಲ. ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೆ, ಕಾರ್ಡ್ ಪರ್ಸಿನಲ್ಲೇ ಇತ್ತು. ಅದನ್ನು ಬಳಸುವುದು ಹೇಗೆಂದು ಓದಿರಲಿಲ್ಲ, ಅಷ್ಟೆ.

ನವೀನ್‌ಗೆ ಬಂದೊದಗಿದ ಆಪತ್ತು ಅವರ ಕೈಯಲ್ಲಿರಲಿಲ್ಲ. ನನ್ನದು ಬಹುಪಾಲು ನನ್ನ ಕೈಯಲ್ಲೇ ಇತ್ತು.

ಈಗ ಊರಿನ ಕಡೆಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಹೀಗೆ ಹೇಳುತ್ತೇನೆ. ಹಲ್ಲು, ಕಣ್ಣು, ಲಸಿಕೆ ಇಲ್ಲೇ ಮುಗಿಸಿಕೊಳ್ಳಿ. ಮಾತ್ರೆ ಒಯ್ಯುವುದಾದರೆ ಡಾಕ್ಟರ ಚೀಟಿ ಜೊತೆಗಿರಲಿ. ಅದರಲ್ಲಿ ಕಂಪನಿ ಇಟ್ಟ ಹೆಸರಲ್ಲ, ಔಷಧದ ಮೂಲ ಹೆಸರಿರಲಿ, ಬ್ರ್ಯಾಂಡ್ ದೇಶಕ್ಕೊಂದು. ತುರ್ತು ಸಂಖ್ಯೆ ಬಾಯಿಪಾಠವಿರಲಿ: ಯುರೋಪಿನಲ್ಲಿ ನಮ್ಮಲ್ಲಿನಂತೆಯೇ 112, ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999. ಜರ್ಮನಿಯಲ್ಲಿ ಪ್ರಾಣಾಪಾಯವಿಲ್ಲದ ಕಾಯಿಲೆಗೆ ರಾತ್ರಿ, ರಜಾದಿನ ಡಾಕ್ಟರು ಬೇಕಾದರೆ 116117. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ವಿಳಾಸ, ಫೋನ್ ನಂಬರ್ ದಾಖಲಿಸಿ. ಯುದ್ಧ, ಗಲಭೆಯ ಹೊತ್ತಿನಲ್ಲಿ ನಾವೆಲ್ಲಿದ್ದೇವೆಂದು ರಾಯಭಾರ ಕಚೇರಿಗೆ ತಿಳಿಯಬೇಕಲ್ಲ. ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ: ರಕ್ತದ ಗುಂಪು, ಒಗ್ಗದ ಔಷಧ, ಮನೆಯವರ ನಂಬರ್, ಇಂಗ್ಲಿಷ್ ಬಲ್ಲ ಒಬ್ಬ ನೆಂಟರ ನಂಬರ್.

ಆಸ್ಪತ್ರೆಯ ಹಾಸಿಗೆಯಿಂದಲೇ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಕಾಯ್ಲೆ ಯಾರಿಗ್ ಬರಲ್ಲ ಮಗ? ನಾನ್ ದಿನಾ ಕೇಳ್ತಿದ್ನಲ್ಲ, ಒಂದಿನ ಹೇಳ್ಬಾರ್ದಿತ್ತಾ?’

ಅಂದಿನಿಂದ ಅಮ್ಮ ‘ಚೆನ್ನಾಗಿದ್ದೀಯಾ’ ಅಂತ ಕೇಳುವುದನ್ನೇ ಬಿಟ್ಟಿದ್ದಾಳೆ. ಫೋನ್ ಎತ್ತಿದ ಕೂಡಲೇ, ‘ಮೊದ್ಲು ಲೈಟ್ ಹಾಕು, ಮುಖ ನೋಡ್ಬೇಕು’ ಅನ್ನುತ್ತಾಳೆ.