ಸದ್ದು ಬೇರಿಂಗಿನದು, ತಪ್ಪು ಸೀಲಿನದು

ಫ್ರಂಟ್ ಲೋಡ್ ವಾಷಿಂಗ್ ಮಷೀನು ಬಟ್ಟೆ ಹಿಂಡುವಾಗ ಗೊರಗುಟ್ಟುತ್ತಿದೆಯೇ? ದಿನೇದಿನೇ ಆ ಸದ್ದು ಜೋರಾಗುತ್ತಿದೆಯೇ? ಪ್ಲಗ್ ತೆಗೆದು, ಬಾಗಿಲು ತೆರೆದು, ಡ್ರಮ್ಮಿನ ಮೇಲಂಚು ಹಿಡಿದು ಎತ್ತಿ ನೋಡಿ. ಡ್ರಮ್ಮೂ ಹೊರಗಿನ ಟಬ್ಬೂ ಒಟ್ಟಿಗೆ ಎದ್ದರೆ ಅದು ಸ್ಪ್ರಿಂಗಿನ ಆಟ, ಚಿಂತೆಯಿಲ್ಲ. ಟಬ್ಬು ನಿಂತಲ್ಲೇ ಇದ್ದು ಡ್ರಮ್ಮೊಂದೇ ಟಕಟಕ ಅಲುಗಿದರೆ ಬೇರಿಂಗ್ ಸವೆದಿದೆ.

ಆದರೆ ಬೇರಿಂಗ್ ತಾನಾಗಿಯೇ ಕೆಡುವುದು ಕಡಿಮೆ. ಡ್ರಮ್ಮಿನ ಶಾಫ್ಟು ಟಬ್ಬಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಬೇರಿಂಗುಗಳ ಮೇಲೆ ತಿರುಗುತ್ತದೆ. ಅವುಗಳಿಗೆ ನೀರು ತಾಗದಂತೆ ಕಾಯುವುದು ಒಂದು ರಬ್ಬರ್ ಸೀಲು. ಅದರ ಅಂಚು ಸವೆದರೆ ಸೋಪಿನ ನೀರು ನುಸುಳಿ ಗ್ರೀಸನ್ನು ತೊಳೆದುಹಾಕುತ್ತದೆ, ಉಕ್ಕಿನ ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಟಬ್ಬಿನ ಹಿಂದೆ ಶಾಫ್ಟಿನಿಂದ ಇಳಿದ ಕಂದು ಕಲೆ ಇದಕ್ಕೆ ಸಾಕ್ಷಿ. ಹಾಗಾಗಿ ಹಳೆಯ ಸೀಲನ್ನೇ ಉಳಿಸಿಕೊಂಡು ಬೇರಿಂಗ್ ಮಾತ್ರ ಬದಲಿಸುವುದು ದುಡ್ಡು ದಂಡ. ಮೂರನ್ನೂ ಒಟ್ಟಿಗೇ ಬದಲಿಸಬೇಕು.

ಮೊದಲು ನಿಮ್ಮ ಮಾದರಿಯ ಟಬ್ಬು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆಯೇ ವಿಚಾರಿಸಿ. ಕೆಲವನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಅಂಥವನ್ನು ಗರಗಸದಿಂದ ಕೊಯ್ದು ಮತ್ತೆ ಅಂಟಿಸುವವರಿದ್ದಾರೆ. ವಿದ್ಯುತ್ತಿನ ಪಕ್ಕದಲ್ಲೇ ನೀರು ಸೋರುವ ಅಪಾಯವಿರುವುದರಿಂದ ನನಗದು ಒಪ್ಪಿಗೆಯಿಲ್ಲ.

ಬಿಚ್ಚುವಾಗ ಪ್ರತಿ ಹಂತದಲ್ಲೂ ವೈರು, ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕಾಂಕ್ರೀಟಿನ ತೂಕದ ಕಲ್ಲುಗಳನ್ನು ಕಳಚಿದ ಮೇಲೆಯೇ ಟಬ್ಬನ್ನು ಹೊರಗೆತ್ತಿ, ಅದೂ ಇಬ್ಬರು ಸೇರಿ. ಶಾಫ್ಟನ್ನು ಹೊರಕ್ಕೆ ತಳ್ಳುವಾಗ ಅದರ ತುದಿಯ ಬೋಲ್ಟನ್ನು ಅರ್ಧ ತಿರುಗಿಸಿಟ್ಟು, ಮೇಲೆ ಮರದ ತುಂಡಿಟ್ಟು ಬಡಿಯಿರಿ. ಇಲ್ಲದಿದ್ದರೆ ಶಾಫ್ಟಿನ ತ್ರೆಡ್ ಕೆಡುತ್ತದೆ.

ಬೇರಿಂಗಿನ ಮೇಲೆ 6205, 6206ರಂಥ ಸಂಖ್ಯೆ ಕೆತ್ತಿರುತ್ತದೆ. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ: 6205ಕ್ಕೆ 25 ಮಿ.ಮೀ. ಈ ಸಂಖ್ಯೆ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಸೀಲು ಮಾತ್ರ ಆಯಾ ಮಾದರಿಯದ್ದೇ ಆಗಬೇಕು.

ಹೊಸ ಬೇರಿಂಗನ್ನು ಕೂರಿಸುವಾಗ ಹೊರಬಳೆಯ ಮೇಲಷ್ಟೇ, ಸುತ್ತಲೂ ಸಮನಾಗಿ ಬಡಿಯಬೇಕು. ಒಳಬಳೆಗೆ ಏಟು ಬಿದ್ದರೆ ಅದರ ಭಾರ ಗುಂಡುಗಳ ಮೇಲೆ ಹೋಗಿ, ಬೇರಿಂಗ್ ಓಡುವ ಮೊದಲೇ ಕೆಡುತ್ತದೆ. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಒಂದಿಷ್ಟು ಕುಗ್ಗಿ ಸಲೀಸಾಗಿ ಕೂರುತ್ತದೆ. ಸೀಲಿನ ಅಂಚಿಗೆ ನೀರಿಗೆ ಕರಗದ ಗ್ರೀಸ್ ಸವರಿ, ಹಳೆಯದರ ಮುಖ ಹೇಗಿತ್ತೋ ಹಾಗೇ ಹಾಕಿ.

ಶಾಫ್ಟಿನಲ್ಲಿ ಸೀಲು ಉಜ್ಜುವ ಜಾಗವನ್ನು ಉಗುರಿನಿಂದ ಸವರಿ ನೋಡಿ. ಅಲ್ಲಿ ಗೀರು ಸಿಕ್ಕರೆ ಹೊಸ ಸೀಲೂ ಸೋರುತ್ತದೆ. ಡ್ರಮ್ಮನ್ನು ಹಿಡಿದಿರುವ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟು ಪುಡಿಪುಡಿಯಾಗಿದ್ದರೆ ಅದನ್ನೂ ಬದಲಿಸಬೇಕು.

ಎಲ್ಲ ಜೋಡಿಸಿದ ಮೇಲೆ ಬಟ್ಟೆ ಹಾಕದೆ ಒಂದು ಸಲ ಪೂರ್ತಿ ಓಡಿಸಿ. ಆಮೇಲೆ ಪ್ಲಗ್ ತೆಗೆದು, ಹಿಂದಿನ ತಗಡು ಬಿಚ್ಚಿ, ಶಾಫ್ಟಿನ ಕೆಳಗೆ ಒದ್ದೆಯಾಗಿದೆಯೇ ಎಂದು ಬೆರಳಾಡಿಸಿ ನೋಡಿ.