ಅಟ್ಟದಲ್ಲಿ ಸೋರಿಹೋಗುವ ತಂಪು

ಟೆಕ್ಸಸ್‌ನ ಡಲ್ಲಾಸ್ ನಗರದ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ ಆಗಸ್ಟ್ ತಿಂಗಳ ಬಿಸಿಲು ಬೆಳಗಿನ ತಿಂಡಿ ಮುಗಿಯುವಷ್ಟರಲ್ಲೇ ಇಟ್ಟಿಗೆ ಗೋಡೆಗಳನ್ನು ಕಾಯಿಸಿಬಿಟ್ಟಿರುತ್ತದೆ. ಗ್ಯಾರೇಜಿನ ಸೀಲಿಂಗ್‌ನಿಂದ ಜೋತುಬಿದ್ದ ಹಗ್ಗ ಎಳೆದರೆ ಮಡಚಿಟ್ಟ ಮರದ ಏಣಿ ಕಿರ್ರೆಂದು ಬಿಚ್ಚಿಕೊಳ್ಳುತ್ತದೆ, ಅದರ ಬೆನ್ನಿಗೇ ಕಾದ ಮರದ ವಾಸನೆಯೂ ಹಳೆಯ ಧೂಳೂ ಬೆರೆತ ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯುತ್ತದೆ. ತಲೆ ತಗ್ಗಿಸಿ ಹತ್ತಿ ಬನ್ನಿ, ಚಾವಣಿಯ ಮೊಳೆಗಳ ಚೂಪು ತುದಿಗಳು ಒಳಗೆ ಇಣುಕುತ್ತಿವೆ. ಕಾಲಿಡಬೇಕಾದ್ದು ತೊಲೆಗಳ ಮೇಲೆ ಮಾತ್ರ. ನಡುವೆ ಹರಡಿದ ಫೈಬರ್‌ಗ್ಲಾಸ್ ಉಣ್ಣೆಯ ಕೆಳಗಿರುವುದು ತೆಳುವಾದ ಪ್ಲಾಸ್ಟರ್ ಹಲಗೆ, ಅದರಡಿ ತುಮಕೂರಿನ ಕಡೆಯ ಕುಟುಂಬವೊಂದರ ಅಡುಗೆಮನೆ. ಒಗ್ಗರಣೆಯ ಇಂಗಿನ ವಾಸನೆ ಇಲ್ಲಿಗೂ ಬರುತ್ತಿದೆ.

ಟಾರ್ಚ್ ಬೆಳಕು ಬಿದ್ದಲ್ಲೆಲ್ಲ ಬೆಳ್ಳಿಬಣ್ಣದ ದಪ್ಪ ಕೊಳವೆಗಳು. ಈ ಸೀಮೆಯ ಮನೆಗಳಿಗೆ ನೆಲಮಾಳಿಗೆ ಇರುವುದು ಅಪರೂಪ. ಹಾಗಾಗಿ ಎ.ಸಿ.ಯ ತಂಪೂ ಚಳಿಗಾಲದಲ್ಲಿ ಫರ್ನೇಸಿನ ಬಿಸಿಯೂ ಇದೇ ಅಟ್ಟದ ಡಕ್ಟ್‌ಗಳಲ್ಲಿ ಹಾದು ಕೋಣೆಗಳಿಗೆ ಇಳಿಯಬೇಕು. ಮಧ್ಯಾಹ್ನ ಇಲ್ಲಿ 60 ಡಿಗ್ರಿ ಸೆಲ್ಸಿಯಸ್ ಸುಡುತ್ತಿರುವಾಗ ಕೊಳವೆಯೊಳಗೆ ಹರಿಯುವ ಗಾಳಿ 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಸೋರಿಕೆ ಎಲ್ಲೆಂದು ಪತ್ತೆಮಾಡಲು ಕೆಳಗೆ ಕೆಲಸಗಾರನೊಬ್ಬ ಕೋಣೆಕೋಣೆಯ ಗಾಳಿಕಿಂಡಿಗಳಿಗೆ ಅಂಟುಹಾಳೆ ಹಚ್ಚಿ, ಎ.ಸಿ. ಗಾಳಿ ಎಳೆದುಕೊಳ್ಳುವ ದೊಡ್ಡ ಜಾಲರಿಗೆ ಫ್ಯಾನ್ ಕಟ್ಟಿ, ನಾಟಕದ ರಂಗಕ್ಕೆ ಬಳಸುವಂಥ ಹೊಗೆ ಬಿಡುತ್ತಾನೆ. ಒತ್ತಡ 25 ಪಾಸ್ಕಲ್‌ಗೆ ನಿಂತಾಗ ಮೇಲೆ ಕೊಳವೆಗಳ ಕೀಲುಕೀಲಿನಿಂದ ಬಿಳಿ ಹೊಗೆ ಏಳತೊಡಗುತ್ತದೆ. ಒಂದು ಕೀಲನ್ನು ಹತ್ತಿರದಿಂದ ನೋಡಿ: ಸುತ್ತಿದ ಬಟ್ಟೆಟೇಪಿನ ಅಂಟು ಒಣಗಿ ಹೊಪ್ಪಳೆ ಎದ್ದಿದೆ, ಪಕ್ಕದ ಉಣ್ಣೆ ಕರ್ರಗಾಗಿದೆ. ವರ್ಷಾನುಗಟ್ಟಲೆ ಸೋರಿದ ಗಾಳಿ ತನ್ನ ಧೂಳನ್ನೆಲ್ಲ ಅಲ್ಲೇ ಬಿಟ್ಟುಹೋಗಿದೆ. ಇಂಥ ಟೇಪು ಈ ಕೆಲಸಕ್ಕೆ ಬಾಳಿಕೆ ಬರದು ಎಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್, ಇಯಾನ್ ವಾಕರ್ ಪರೀಕ್ಷೆ ಮಾಡಿ 1998ರಲ್ಲೇ ಹೇಳಿದ್ದರು. ಆದರೂ ಹಳೆಯ ಮನೆಗಳ ಅಟ್ಟದಲ್ಲಿ ಅದು ಇನ್ನೂ ನೇತಾಡುತ್ತಿರುವುದು ನೋಡಿದರೆ ಬೇಸರವಾಗುತ್ತದೆ.

ಮೊಮ್ಮಗಳನ್ನು ನೋಡಲು ಬಂದಿರುವ ಅಜ್ಜಿಗೆ ಈ ಸೋರಿಕೆಯ ಲೆಕ್ಕಾಚಾರ ಮೈಗೇ ಗೊತ್ತು. "ಕೆಳಗೆ ಕೂತ್ರೆ ಹೊದ್ಕೋಬೇಕು, ಮೇಲೆ ಮಲಗಿದ್ರೆ ಬೆವರು ಕಣಪ್ಪಾ," ಎನ್ನುತ್ತಾರೆ. ಮಗ ಇನ್ನೂ ದೊಡ್ಡ ಎ.ಸಿ. ಹಾಕಿಸುವ ಯೋಚನೆಯಲ್ಲಿದ್ದ. ನನ್ನ ಮಟ್ಟಿಗೆ ಅದು ತೂತು ಮುಚ್ಚದೆ ಪಂಪು ಬದಲಾಯಿಸುವ ಕೆಲಸ, ಅದೇ ಸೀಳುಗಳಲ್ಲಿ ಇನ್ನಷ್ಟು ತಂಪು ಅಟ್ಟದ ಪಾಲಾಗುತ್ತಿತ್ತು. ಸಾಮಾನ್ಯ ಅಮೆರಿಕನ್ ಮನೆಯ ಡಕ್ಟ್‌ಗಳಲ್ಲಿ ಹರಿಯುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ ಎಂಬುದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯ ಅಂದಾಜು. ಹೋದ ಗಾಳಿಯ ಜಾಗ ತುಂಬಲು ಬಾಗಿಲಸಂದು, ಸ್ವಿಚ್ ಪೆಟ್ಟಿಗೆಗಳ ಮೂಲಕ ಹೊರಗಿನ ಧಗೆ ಒಳಗೆ ನುಸುಳುತ್ತದೆ. ವಾಪಸು ಗಾಳಿಯ ಕೊಳವೆ ಸೀಳಿದ್ದರಂತೂ ಅಟ್ಟದ ಧೂಳೇ ನೇರ ಮನೆಯೊಳಕ್ಕೆ. ಮಕ್ಕಳು ಮಲಗುವ ಕೋಣೆಗೂ ಅದೇ ಗಾಳಿ.

ಈಗ ಸೀಳು ಮುಚ್ಚುವ ಲೇಪವಾದ ಮ್ಯಾಸ್ಟಿಕ್‌ನ ಡಬ್ಬದ ಮುಚ್ಚಳ ತೆಗೆದಿದ್ದಾರೆ. ರಾಗಿ ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಮೆದು, ಬಣ್ಣವೂ ಹೆಚ್ಚುಕಡಿಮೆ ಅದೇ. ಹಳೆಯ ಟೇಪು ಕಿತ್ತು, ಲೋಹ ಒರೆಸಿ, ಅಗಲ ಸೀಳಿಗೆ ಜಾಲರಿಪಟ್ಟಿ ಅಂಟಿಸಿ, ಬ್ರಷ್‌ನಿಂದ ದಪ್ಪಗೆ ಬಳಿಯುತ್ತಾರೆ. ಬ್ರಷ್ ಹೋಗದ ಮೂಲೆಗೆ ಕೈಗವಸಿನ ಬೆರಳೇ ಸಾಧನ. ಅಜ್ಜಿಯ ಕೋಣೆಗೆ ಹೋಗುವ ಕೊಳವೆ ತೊಲೆಯೊಂದರ ಮೇಲೆ ಮಡಚಿಕೊಂಡು ಕುತ್ತಿಗೆ ಹಿಸುಕಿದಂತಿತ್ತು, ಅದನ್ನು ನೇರಮಾಡಿ ಅಗಲವಾದ ಪಟ್ಟಿಯಿಂದ ಎತ್ತಿ ಕಟ್ಟಿದರು. ಬಳಿದದ್ದು ಒಣಗಲು ಒಂದು ದಿನವಾದರೂ ಬೇಕು. ಮತ್ತೆ ಫ್ಯಾನ್ ಕಟ್ಟಿ ಹೊಗೆ ಬಿಟ್ಟು ನೋಡುವುದು ನಾಳೆ ಬೆಳಿಗ್ಗೆ, ಬಿಸಿಲೇರುವ ಮುಂಚೆ.