ಗುಡಿ ಚಳ್ಳಕೆರೆಗೆ, ಓಟು ಮೊಳಕಾಲ್ಮೂರಿಗೆ!

ನಾಯಕನಹಟ್ಟಿ ಜಾತ್ರೆ ನೋಡಿದ್ದೀರಾ? ಸುಟ್ಟ ಕೊಬ್ಬರಿಯ ಹೊಗೆ ಕಣ್ಣಿಗೆ ಹೊಡೆಯುತ್ತಿರುತ್ತದೆ. ಅಲಂಕಾರ ಮಾಡಿಕೊಂಡು ನಿಂತ ತೇರು ಒಂದಿಂಚೂ ಕದಲುವುದಿಲ್ಲ. ಮೊದಲು ಮುಕ್ತಿ ಬಾವುಟದ ಹರಾಜು ಮುಗಿಯಬೇಕು. ಒಬ್ಬರು ಇಷ್ಟು ಲಕ್ಷ ಎಂದರೆ ಇನ್ನೊಬ್ಬರು ಅದರ ಮೇಲೆ ಕೂಗುತ್ತಾರೆ. ಜನ ಹೋ ಎನ್ನುತ್ತದೆ. ಕೂಗುವವರ ಸಾಲಿನಲ್ಲಿ ರಾಜಕಾರಣಿಗಳೂ ಇರುತ್ತಾರೆ. ಓಟಿನ ಲೆಕ್ಕ ಗೊತ್ತಿದ್ದವರಿಗೆ ಹಟ್ಟಿಯ ದೇವರು ತಿಪ್ಪೇರುದ್ರಸ್ವಾಮಿಯ ಲೆಕ್ಕ ಗೊತ್ತಿಲ್ಲದೆ ಇರುತ್ತದೆಯೇ?

ಹಟ್ಟಿ ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ. ಆದರೆ ವಿಧಾನಸಭೆಗೆ ಇಲ್ಲಿನವರು ಓಟು ಹಾಕುವುದು ಮೊಳಕಾಲ್ಮೂರಿಗೆ! ಪಕ್ಕದ ತಳುಕು, ಅದೇ ನಮ್ಮ ಕನ್ನಡ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರ ತಳುಕು, ಅದರ ಕಥೆಯೂ ಇದೇ. ಅತ್ತ ಚಿತ್ರದುರ್ಗ ತಾಲ್ಲೂಕಿನ ತುರುವನೂರು ಓಟು ಹಾಕುವುದು ಚಳ್ಳಕೆರೆಗೆ. ನಕ್ಷೆ ಹರಡಿಕೊಂಡು ಕೂತ ನನಗೆ ಮೊದಲು ನಗು ಬಂತು, ಆಮೇಲೆ ಬೆರಗು. ಯಾಕೆಂದರೆ ಈ ಎರಡು ಬಯಲು ಕ್ಷೇತ್ರಗಳ ಚರಿತ್ರೆಯೆಲ್ಲ ಗೆರೆ ದಾಟಿದವರದೇ.

1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಅದರಲ್ಲಿದ್ದ ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1957ರ ಚುನಾವಣೆಯಲ್ಲಿ ಅವರು ಗೆದ್ದು ಬಂದ ಕ್ಷೇತ್ರ ಯಾವುದು ಹೇಳಿ? ಮೊಳಕಾಲ್ಮೂರು! ರೇಷ್ಮೆ ಸೀರೆಯ ಊರು ಎಂದಷ್ಟೇ ನಾವು ನೆನಪಿಟ್ಟುಕೊಂಡ ಮೂಲೆಯೊಂದು ಅವತ್ತು ಇಡೀ ನಾಡಿನ ಮುಖ್ಯಮಂತ್ರಿಯ ಕ್ಷೇತ್ರವಾಗಿತ್ತು. 1962ರಲ್ಲಿ ಅವರು ಅದೇ ಜಿಲ್ಲೆಯ ಹೊಸದುರ್ಗದಲ್ಲಿ ನಿಂತು ಸೋತರು. ಮೊಳಕಾಲ್ಮೂರಲ್ಲೇ ನಿಂತಿದ್ದರೆ ಏನಾಗುತ್ತಿತ್ತೋ!

ಹೊರಗಿನವರಿಗೆ ಜಾಗ ಕೊಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಇವನ್ನು 1892ರಲ್ಲಿ ಪತ್ತೆ ಮಾಡಿದರು. ದೊಡ್ಡವರು ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರೂ ಮೇಲೇರಬಹುದು ಎಂಬ ಮಾತು ಅಲ್ಲಿದೆ. ಬರೆದವನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು ‘ಲಿಪಿಕಾರ’ ಎಂಬ ಕೊನೆಯ ಪದಕ್ಕೆ ಬಂದಾಗ ಅವನು ಖರೋಷ್ಠಿಗೆ ಹೊರಳಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ, ದೂರದ ವಾಯವ್ಯ ಸೀಮೆಯ ಲಿಪಿ ಅದು! ಬಂಡೆಗಲ್ಲಿನ ಮೇಲೆ ಹೀಗೊಂದು ರುಜು ಹಾಕಿ ಹೋದವನನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಸರಿ, ಓಟಿಗೆ ಬರೋಣ. 2008ರ ಚುನಾವಣೆಗೆ ಮುನ್ನ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂತು. ರಾಜ್ಯದ 224 ಕ್ಷೇತ್ರಗಳಲ್ಲಿ 15 ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಆ ಪಟ್ಟಿಗೆ ಸೇರಿದವು. 2004ರಲ್ಲಿ ಚಳ್ಳಕೆರೆ ಗೆದ್ದಿದ್ದ ಡಿ. ಸುಧಾಕರ್ ಅಲ್ಲಿ ನಿಲ್ಲುವಂತಿರಲಿಲ್ಲ. ಹಿರಿಯೂರಿಗೆ ಹೋದರು, ಪಕ್ಷೇತರರಾಗಿ ಗೆದ್ದರು, ಯಡಿಯೂರಪ್ಪ ಸಂಪುಟದಲ್ಲಿ ಮಂತ್ರಿಯೂ ಆದರು!

ಇನ್ನೊಂದು ಕಡೆ ನಕ್ಷೆಯಲ್ಲಿ ಬೆರಳಿಟ್ಟು ಮೊಳಕಾಲ್ಮೂರಿನಿಂದ ಉತ್ತರಕ್ಕೆ ಹೊರಡಿ. ಕೂಡ್ಲಿಗಿ, ಸಂಡೂರು, ಬಳ್ಳಾರಿ ಗ್ರಾಮೀಣ, ಕಂಪ್ಲಿ, ಸಿರುಗುಪ್ಪ: ಎಲ್ಲವೂ ಎಸ್‌ಟಿ ಮೀಸಲು! ಹುಣಸೆ ತೋಪಿನಲ್ಲಿ ಕೊಂಬೆಯಿಂದ ಕೊಂಬೆಗೆ ಹೋದಂತೆ ನಾಯಕರು ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಬಹುದಾದ ಸಾಲು ಅದು. ಹೋದರು ಕೂಡ.

ಇಲ್ಲಿಂದ ಮುಂದೆ ಕಾಗದ, ಪೆನ್ನು ಹಿಡಿದುಕೊಳ್ಳಿ. ನಾನಂತೂ ಬರೆದುಕೊಳ್ಳದೆ ತಲೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಎನ್.ವೈ. ಗೋಪಾಲಕೃಷ್ಣ ಕಾಂಗ್ರೆಸ್ಸಿನಿಂದ 1999, 2004, 2008ರಲ್ಲಿ ಮೊಳಕಾಲ್ಮೂರು ಗೆದ್ದವರು. 2013ರಲ್ಲಿ ಅವರನ್ನು ಸೋಲಿಸಿದ್ದು ಬಿ. ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ಸಿನ ಎಸ್. ತಿಪ್ಪೇಸ್ವಾಮಿ. (ಹಟ್ಟಿ ಸೀಮೆಯಲ್ಲಿ ತಿಪ್ಪೇಶ, ತಿಪ್ಪಮ್ಮ, ತಿಪ್ಪೇಸ್ವಾಮಿಯರಿಗೆ ಬರವೇ? ದೇವರ ಹೆಸರು ಮತಯಂತ್ರದ ಮೇಲೂ ಇರುತ್ತದೆ.) 2014ರಲ್ಲಿ ಶ್ರೀರಾಮುಲು ಸಂಸದರಾಗಿ ಬಳ್ಳಾರಿ ಗ್ರಾಮೀಣ ಬಿಟ್ಟರು. ಉಪಚುನಾವಣೆಯಲ್ಲಿ ಆ ಖಾಲಿ ಕುರ್ಚಿ ಹಿಡಿದವರು ಯಾರು? ಗೋಪಾಲಕೃಷ್ಣ!

2018 ಇನ್ನೂ ಚೆಂದ. ಶ್ರೀರಾಮುಲು ಬಿಜೆಪಿಯಿಂದ ಗೋಪಾಲಕೃಷ್ಣರ ಹಳೆಯ ಮೊಳಕಾಲ್ಮೂರಿಗೆ ಬಂದರು. ಗೋಪಾಲಕೃಷ್ಣ ಅದೇ ಬಿಜೆಪಿ ಸೇರಿ ಕೂಡ್ಲಿಗಿಗೆ ಹೋದರು. ಟಿಕೆಟ್ ತಪ್ಪಿದ ತಿಪ್ಪೇಸ್ವಾಮಿ ಬಂಡಾಯವೆದ್ದು ಪಕ್ಷೇತರರಾದರು. ಶ್ರೀರಾಮುಲು ಇಲ್ಲಿ 42 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಜೊತೆಗೇ ಬಾದಾಮಿಯಲ್ಲಿ ಸಿದ್ದರಾಮಯ್ಯನವರ ಎದುರು ನಿಂತಿದ್ದರಲ್ಲ, ಅಲ್ಲಿ 1,696 ಮತಗಳಿಂದ ಸೋತರು. ಮೊಳಕಾಲ್ಮೂರು ಕೈ ಹಿಡಿಯದಿದ್ದರೆ ಆ ಸಲ ಅವರು ವಿಧಾನಸೌಧದ ಮೆಟ್ಟಿಲು ಹತ್ತುತ್ತಿರಲಿಲ್ಲ.

ಚಕ್ರ ಒಂದು ಸುತ್ತು ಬರುವುದು ಅಂದರೆ ಇದು: 2023ರಲ್ಲಿ ಗೋಪಾಲಕೃಷ್ಣ ಕಾಂಗ್ರೆಸ್ಸಿಗೆ ಮರಳಿ, ಮೊಳಕಾಲ್ಮೂರಿಗೆ ಮರಳಿ, ಹತ್ತು ವರ್ಷದ ಹಿಂದೆ ತಮ್ಮನ್ನು ಸೋಲಿಸಿದ್ದ ಅದೇ ತಿಪ್ಪೇಸ್ವಾಮಿಯವರನ್ನು ಸೋಲಿಸಿದರು. ಈ ಸಲ ತಿಪ್ಪೇಸ್ವಾಮಿ ಬಿಜೆಪಿ ಅಭ್ಯರ್ಥಿ. ಇಷ್ಟೆಲ್ಲ ಗದ್ದಲದ ಮಗ್ಗುಲಲ್ಲೇ, ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಕಾಂಗ್ರೆಸ್ಸಿನ ಟಿ. ರಘುಮೂರ್ತಿ 2013, 2018, 2023 ಮೂರೂ ಸಲ ಕೂತ ಕುರ್ಚಿಯಿಂದ ಕದಲಲಿಲ್ಲ.

ಶ್ರೀರಾಮುಲು? ಅವರೂ 2023ರಲ್ಲಿ ಹಳೆಯ ಮನೆ ಬಳ್ಳಾರಿ ಗ್ರಾಮೀಣಕ್ಕೆ ಮರಳಿದ್ದರು. ಮೇ 13ರ ಮತ ಎಣಿಕೆಯಲ್ಲಿ ಅಲ್ಲಿ ಸೋತರು.